ಬಂಪರ್ ಬಿಚ್ಚಿ ತೋರಿಸುವ ಗ್ಯಾರೇಜು

ಕಳೆದ ಮಳೆಗಾಲದ ಒಂದು ಸಂಜೆ, ಕನಕಪುರ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಟೆಂಪೊ ಹಂಪ್ ಕಂಡು ಗಕ್ಕನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಒದ್ದೆ ರಸ್ತೆಯಲ್ಲಿ ಕಾರು ಇನ್ನೆರಡು ಮಾರು ಜಾರಿತು. ‘ಟಪ್’ ಎಂದು ಒಂದು ಸದ್ದು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಟೆಂಪೊದ ಹಿಂದಿನ ಕಬ್ಬಿಣದ ಗಾರ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಚಾಲಕ ಇಳಿದು ಬಂದು ನೋಡಿ, ‘ನಿಮ್ದೇ ಹೋಯ್ತಲ್ಲ ಸಾರ್’ ಎಂದು ಮರುಗಿ ಹೊರಟುಹೋದ. ನನ್ನ ಕಾರಿನ ಬಲಮೂಲೆಯಲ್ಲಿ ಬಂಪರ್ ಸೀಳಿತ್ತು. ಪಕ್ಕದ ಫೆಂಡರ್ ಅಂಗೈಯಗಲ ಒಳಗೆ ಹೋಗಿತ್ತು.

ಐದು ನಿಮಿಷದಲ್ಲಿ ಮೂರು ಸಲಹೆ ಬಂದವು. ಟೀ ಅಂಗಡಿಯವರು ತಮ್ಮ ಪರಿಚಯದ ಟಿಂಕರ್‌ನ ನಂಬರ್ ಕೊಟ್ಟರು. ಸ್ನೇಹಿತನೊಬ್ಬ ಫೋನಿನಲ್ಲಿ, ‘ಶೋರೂಮಿಗೇ ಬಿಡು, ಇನ್ಶೂರೆನ್ಸ್ ಇದೆಯಲ್ಲ’ ಎಂದ. ನಿಂತು ನೋಡುತ್ತಿದ್ದ ಇನ್ನೊಬ್ಬರು ಟೋಯಿಂಗ್ ಗಾಡಿ ಕರೆಸಲೇ ಎಂದು ಕೇಳಿದರು. ನಾನು ಮೂರನ್ನೂ ಆ ಹೊತ್ತಿಗೆ ಬದಿಗಿಟ್ಟೆ. ಚಕ್ರ ಯಾವುದಕ್ಕೂ ತಾಗುತ್ತಿಲ್ಲ, ಅಡಿಯಲ್ಲಿ ನೀರು, ಎಣ್ಣೆ ಸೋರುತ್ತಿಲ್ಲ, ದೀಪ ಉರಿಯುತ್ತಿದೆ ಎಂಬುದನ್ನು ನೋಡಿಕೊಂಡೆ. ನಾಲ್ಕೂ ಕಡೆಯಿಂದ ಫೋಟೊ ತೆಗೆದು ನಿಧಾನವಾಗಿ ಮನೆಗೆ ಬಂದೆ. ಅದು ಸರಿಯಾದ ನಿರ್ಧಾರ ಎಂದೇ ಈಗಲೂ ನಂಬಿದ್ದೇನೆ. ಗಾಡಿ ಓಡುವ ಸ್ಥಿತಿಯಲ್ಲಿದ್ದರೆ, ಗ್ಯಾರೇಜ್ ಆರಿಸುವ ಕೆಲಸವನ್ನು ನಡುರಸ್ತೆಯಲ್ಲಿ, ಎದೆ ಡವಗುಟ್ಟುವಾಗ ಮಾಡಬಾರದು.

ಮರುದಿನ ಅಧಿಕೃತ ಸರ್ವಿಸ್ ಸೆಂಟರೊಂದಕ್ಕೆ ಹೋದೆ. ಕಾಫಿ ಕೊಟ್ಟು ಕೂರಿಸಿ, ಮೂರು ಪುಟದ ಎಸ್ಟಿಮೇಟು ಕೈಗಿತ್ತರು. ಬಂಪರ್ ಹೊಸದು, ಫೆಂಡರ್ ಹೊಸದು, ಹೆಡ್‌ಲ್ಯಾಂಪ್ ಹೊಸದು. ಅಷ್ಟು ಬರೆಯುವಾಗ ಯಾರೂ ಬಾನೆಟ್ ಕೂಡ ಎತ್ತಿರಲಿಲ್ಲ. ಅಲ್ಲಿಂದ ಒಂದು ಗಲ್ಲಿ ಗ್ಯಾರೇಜಿಗೆ ಹೋದೆ. ಅಲ್ಲಿನವನು ಕಾರಿಗೆ ಒಂದು ಸುತ್ತು ಬಂದು, ‘ಐದು ಸಾವಿರ ಕೊಡಿ, ಸಂಜೆ ತಗೊಂಡ್ಹೋಗಿ’ ಎಂದ. ಅವನೂ ಬಂಪರ್ ಮುಟ್ಟಿ ನೋಡಲಿಲ್ಲ. ಮೂರನೆಯದು ಮನೆಯಿಂದ ಎರಡು ಕಿಲೊಮೀಟರ್ ದೂರದಲ್ಲಿ, ಹುಣಸೆಮರದ ನೆರಳಿನಲ್ಲಿದ್ದ ಗ್ಯಾರೇಜು. ಅಲ್ಲಿನ ಹಿರಿಯ ಮಿಸ್ತ್ರಿ ದರ ಹೇಳಲೇ ಇಲ್ಲ. ‘ಬಿಚ್ಚಿ ನೋಡೋಣ, ಆಮೇಲೆ ಮಾತಾಡೋಣ’ ಎಂದವರು ಸ್ಕ್ರೂ, ಕ್ಲಿಪ್ಪು ತೆಗೆದು ಹದಿನೈದು ನಿಮಿಷದಲ್ಲಿ ಬಂಪರ್ ಕಳಚಿ ನೆಲದ ಮೇಲಿಟ್ಟು ನನ್ನನ್ನು ಕರೆದರು. ಹೆಡ್‌ಲ್ಯಾಂಪಿನ ಗಾಜು, ಬಲ್ಬು ಎಲ್ಲ ನೆಟ್ಟಗಿದ್ದವು. ಅದನ್ನು ಹಿಡಿದಿಡುವ ಒಂದು ಪ್ಲಾಸ್ಟಿಕ್ ಕಿವಿ ಮಾತ್ರ ಮುರಿದಿತ್ತು. ಒಂದು ಬ್ರ್ಯಾಕೆಟ್ ಬಾಗಿತ್ತು. ಅಡ್ಡಪಟ್ಟಿ ನೇರವಾಗಿತ್ತು. ರೇಡಿಯೇಟರ್ ಸುರಕ್ಷಿತ. ನನ್ನ ಆಯ್ಕೆ ಅಲ್ಲಿಗೇ ಮುಗಿಯಿತು.

ಬಿಚ್ಚಿ ನೋಡುವುದು ಯಾಕಿಷ್ಟು ಮುಖ್ಯ? ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಬಂಪರ್ ಎಂದರೆ ಹೊಳೆಯುವ ಉಕ್ಕಿನ ಪಟ್ಟಿ. ಪೆಟ್ಟು ಬಿದ್ದರೆ ಅದೇ ಬಾಗುತ್ತಿತ್ತು, ಬಾಗಿದ್ದು ಕಣ್ಣಿಗೆ ಕಾಣುತ್ತಿತ್ತು. ಈಗ ನಾವು ಬಂಪರ್ ಎಂದು ಕರೆಯುವುದು ಬರೀ ಪ್ಲಾಸ್ಟಿಕ್ ಹೊದಿಕೆ. ನಿಜವಾದ ಬಂಪರ್ ಅದರ ಹಿಂದಿದೆ: ಪೆಟ್ಟು ಹೀರುವ ಫೋಮ್, ಲೋಹದ ಅಡ್ಡಪಟ್ಟಿ, ಅದರ ಎರಡು ತುದಿಗೆ ಕುಸಿದು ಕೊಡಲೆಂದೇ ಮಾಡಿದ ಪೆಟ್ಟಿಗೆಗಳು. ಅದಕ್ಕೆ ಬೆನ್ನು ಕೊಟ್ಟು ಎಸಿ ಕಂಡೆನ್ಸರ್, ರೇಡಿಯೇಟರ್ ಕೂತಿರುತ್ತವೆ. ಪ್ಲಾಸ್ಟಿಕ್ಕಿನ ಗುಣವೆಂದರೆ, ಪೆಟ್ಟು ತಿಂದು ಮತ್ತೆ ಮೊದಲಿನ ಆಕಾರಕ್ಕೆ ಬರುವುದು. ಹೊರಗೆ ಗೀರು ಮಾತ್ರ ಕಾಣುವ ಕಾರಿನೊಳಗೆ ಫೋಮ್ ಪುಡಿಯಾಗಿರಬಹುದು. ಹೊರಗೆ ಬಾಯ್ಬಿಟ್ಟು ಸೀಳಿದ್ದರ ಹಿಂದೆ ಎಲ್ಲವೂ ಸರಿಯಾಗಿರಬಹುದು. ಬಿಚ್ಚದೆ ಬರೆದ ಎಸ್ಟಿಮೇಟು, ಅದು ಮೂರು ಪುಟವಿರಲಿ, ಮೂರೇ ಮಾತಿನಲ್ಲಿರಲಿ, ಊಹೆ ಅಷ್ಟೇ. ಮೊದಲನೆಯವರು ಹೆಚ್ಚು ಊಹಿಸಿದರು, ಎರಡನೆಯವನು ಕಡಿಮೆ ಊಹಿಸಿದ. ಕಡಿಮೆ ಊಹೆಯೇ ಹೆಚ್ಚು ಅಪಾಯಕಾರಿ. ಒಳಗಿನ ಅಡ್ಡಪಟ್ಟಿ ಬಾಗಿದ್ದರೂ ಮೇಲೆ ಬಣ್ಣ ಬಳಿದು ಕಳಿಸಿದರೆ, ಮುಂದಿನ ಅಪಘಾತದಲ್ಲಿ ಆ ಪೆಟ್ಟು ತಾಳುವ ಶಕ್ತಿ ಕಾರಿಗೆ ಇರುವುದಿಲ್ಲ.

ಇನ್ನು ವಿಮೆಯ ಮಾತು. ಕ್ಲೇಮ್ ಮಾಡಬೇಕೋ ಬೇಡವೋ ಎಂಬುದು ತೀರ್ಮಾನವಾಗದೆ ಗ್ಯಾರೇಜಿನ ಆಯ್ಕೆ ಆಗುವುದಿಲ್ಲ. ಕ್ಯಾಶ್‌ಲೆಸ್ ಬೇಕೆಂದರೆ ವಿಮಾ ಕಂಪನಿಯ ಒಪ್ಪಂದವಿರುವ ಗ್ಯಾರೇಜಿಗೇ ಹೋಗಬೇಕು; ಬೇರೆಡೆ ಮಾಡಿಸಿದರೆ ನಾವು ಹಣ ಕೊಟ್ಟು ಆಮೇಲೆ ಪಡೆಯಬೇಕು. ‘ವಿಮೆ ಇದೆಯಲ್ಲ’ ಎನ್ನುವವರು ಮರೆಯುವುದು ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿಯನ್ನು. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20 ಕಡಿತ. ಎರಡು ವರ್ಷಕ್ಕೆ ಶೇ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದು ಕ್ಲೇಮ್ ಮಾಡಿದರೆ, ಪರಮಪದದ ಆಟದಲ್ಲಿ ದೊಡ್ಡ ಹಾವು ನುಂಗಿದ ಹಾಗೆ, ಮತ್ತೆ ಸೊನ್ನೆಗೆ.

ಲೆಕ್ಕ ಹಾಕಿ ನೋಡೋಣ. ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷ ಕ್ಲೇಮ್ ಮಾಡದೆ ಶೇ 45ಕ್ಕೆ ಬಂದಿದ್ದೀರಿ. ಸುಮ್ಮನಿದ್ದರೆ ಮುಂದಿನ ವರ್ಷದಿಂದ ಶೇ 50ರ ರಿಯಾಯಿತಿ ಕಾಯಂ. ಈಗ ಕ್ಲೇಮ್ ಮಾಡಿದರೆ ಮೊದಲ ವರ್ಷ ಆ ಐವತ್ತೂ ಹೋಯಿತು, ಎರಡನೆಯ ವರ್ಷ ಮೂವತ್ತು, ಆಮೇಲೆ ಇಪ್ಪತ್ತೈದು, ಹದಿನೈದು, ಐದು. ಕೂಡಿದರೆ ಶೇ 125. ಅಂದರೆ ಐದು ವರ್ಷದಲ್ಲಿ 10,000 ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಡಿಮೆಯಾದೀತು. ಆದರೂ ‘ಉಚಿತ’ ರಿಪೇರಿಯ ಬೆಲೆ ಅದು.

ಆ ಕ್ಲೇಮಿನಲ್ಲಿ ಸಿಗುವುದಾದರೂ ಎಷ್ಟು? ಬಂಪರ್ 12,000, ಬಣ್ಣ 6,000, ಕೂಲಿ 2,000. ತೆರಿಗೆ ಬಿಟ್ಟು ಒಟ್ಟು 20,000 ಎನ್ನಿ. ಸವಕಳಿ ವಿನಾಯಿತಿ, ಅಂದರೆ ಜೀರೊ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಮ್ಮದು: 6,000. ಬಣ್ಣದ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿ ಎಂದು ಲೆಕ್ಕಿಸಿ ಅದರಲ್ಲಿ ಅರ್ಧ ಕಡಿಯುತ್ತಾರೆ: 750. ಕಡ್ಡಾಯವಾಗಿ ನಾವೇ ಭರಿಸಬೇಕಾದ ಮೊತ್ತ 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ನಮ್ಮದು ಚಿಕ್ಕ ಕಾರೆಂದುಕೊಂಡರೂ ವಿಮೆಯಿಂದ ಬರುವುದು 12,250. ಅದರಲ್ಲಿ ಹತ್ತು ಸಾವಿರ ಬೋನಸ್ಸಿನ ನಷ್ಟ ಕಳೆದರೆ ಲಾಭ 2,250. ಅದೇ ಬಂಪರನ್ನು ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಬಣ್ಣ ಹಚ್ಚಿ ಐದಾರು ಸಾವಿರಕ್ಕೆ ಸರಿಮಾಡುವವರು ಸಿಕ್ಕರೆ ಕ್ಲೇಮಿನ ಗೊಡವೆಯೇ ಬೇಡ. ಜೀರೊ ಡೆಪ್ ಇದ್ದರೆ, ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಲೆಕ್ಕ ಬೇರೆ. ಪಾಲಿಸಿ ಕಾಗದವನ್ನು ಒಮ್ಮೆ ಪೂರ್ತಿ ಓದಲೇಬೇಕು. ಕ್ಲೇಮ್ ಮಾಡುವುದೇ ಎಂದಾದರೆ ಕಂಪನಿಗೆ ತಕ್ಷಣ ತಿಳಿಸಿ. ಸರ್ವೇಯರ್ ನೋಡುವವರೆಗೆ ರಿಪೇರಿಗೆ ಕೈ ಹಾಕಬೇಡಿ. ಬಂಪರ್ ಬಿಚ್ಚುವುದನ್ನೂ ಅವರ ಎದುರೇ ಮಾಡಿಸಿ. ಒಳಗೆ ಹೊಸ ಹಾನಿ ಕಂಡರೆ ಪೂರಕ ಎಸ್ಟಿಮೇಟು ಸೇರಿಸಲು ಅವಕಾಶವಿರುತ್ತದೆ.

ನಾನು ಕ್ಲೇಮ್ ಮಾಡಲಿಲ್ಲ. ಹುಣಸೆಮರದಡಿಯ ಗ್ಯಾರೇಜಿನಲ್ಲಿ ಎರಡು ದಿನ ಬೆಳಗ್ಗೆ ಹೋಗಿ ನಿಂತೆ. ಅಲ್ಲಿ ನೋಡಿದ ಕೈಗೆಲಸ ಮನಸ್ಸಿನಲ್ಲಿ ಉಳಿದಿದೆ. ಫೆಂಡರಿನ ಒಳಬದಿಗೆ ಡಾಲಿ ಎಂಬ ಕಬ್ಬಿಣದ ಗುಂಡು ಹಿಡಿದು, ಹೊರಗಿನಿಂದ ಚಿಕ್ಕ ಸುತ್ತಿಗೆಯಲ್ಲಿ ಕುಟ್ಟುತ್ತಾರೆ. ಸುತ್ತಿಗೆ ಡೆಂಟಿನ ನಡುವಿಗೆ ಬೀಳುವುದಿಲ್ಲ. ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ಒಳಕ್ಕೆ ಬರುತ್ತದೆ. ಹತ್ತು ಏಟಿಗೊಮ್ಮೆ ಕೆಲಸ ನಿಲ್ಲಿಸಿ, ತೆಳು ಬಟ್ಟೆಯೊಂದನ್ನು ಹಾಸಿ ಅದರ ಮೇಲೆ ಅಂಗೈ ಸವರುತ್ತಾರೆ. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ಸಿಗುತ್ತದೆ. ತಗಡು ತನ್ನ ಮೂಲ ಆಕಾರಕ್ಕೆ ಎಷ್ಟು ಹತ್ತಿರ ಬಂದರೆ, ಮೇಲೆ ಬಳಿಯುವ ಪುಟ್ಟಿ ಅಷ್ಟು ತೆಳುವಾಗುತ್ತದೆ. ಒಳ್ಳೆಯ ಟಿಂಕರ್‌ಗೂ ಕಳಪೆ ಟಿಂಕರ್‌ಗೂ ಇರುವ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ. ಕಳಪೆಯವನು ಎರಡು ಏಟು ಹಾಕಿ ಗುಂಡಿಗೆ ಪುಟ್ಟಿ ತುಂಬುತ್ತಾನೆ, ಉಜ್ಜಿ ಬಣ್ಣ ಹೊಡೆಯುತ್ತಾನೆ. ಅಂದು ಸಂಜೆ ಕಾರು ಕನ್ನಡಿಯ ಹಾಗೆ ಹೊಳೆಯುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಪುಟ್ಟಿ ಬಿರುಕು ಬಿಟ್ಟು, ನೀರು ಇಳಿದು, ಬಣ್ಣ ಗುಳ್ಳೆ ಏಳುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಅಷ್ಟು ಕಾಯುವುದೂ ಬೇಡ. ಇದನ್ನು ಪರೀಕ್ಷಿಸಲು ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಸಾಕು. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಉಕ್ಕಿನ ಭಾಗದ ಮೇಲೆ ಇಡಿ. ಪುಟ್ಟಿ ದಪ್ಪವಾಗಿರುವಲ್ಲಿ ಅದು ಹಿಡಿಯದೆ ಜಾರುತ್ತದೆ.

ಬಣ್ಣದ ಕೆಲಸವನ್ನು ಮಾತ್ರ ಮರದಡಿಯಲ್ಲಿ ಮಾಡಿಸಬೇಡಿ. ನಮ್ಮ ಮಿಸ್ತ್ರಿ ಕೂಡ ಬಂಪರ್, ಫೆಂಡರುಗಳನ್ನು ಬೂತ್ ಇರುವ ಪೇಂಟರ್ ಬಳಿಗೇ ಕಳಿಸಿದರು. ಮುಂಗಾರಿನ ತೇವ, ರಸ್ತೆಯ ದೂಳು ಎರಡೂ ಹಸಿ ಬಣ್ಣಕ್ಕೆ ಶತ್ರುಗಳು. ಮುಚ್ಚಿದ ಬೂತಿನಲ್ಲಿ ಶೋಧಿಸಿದ ಗಾಳಿ ಬಿಟ್ಟು, ಸುಮಾರು 60 ಡಿಗ್ರಿ ಬಿಸಿಯಲ್ಲಿ ಒಣಗಿಸಿದ ಬಣ್ಣದ ಬಾಳಿಕೆಯೇ ಬೇರೆ. ಕಾರಿನ ಬಣ್ಣದ ಕೋಡ್ ಬಾಗಿಲ ಕಂಬದಲ್ಲೋ ಬಾನೆಟ್ ಕೆಳಗೋ ಅಂಟಿಸಿರುತ್ತದೆ. ಆದರೆ ನಾಲ್ಕು ವರ್ಷ ಬಿಸಿಲು ಕಂಡ ಬೆಳ್ಳಿ ಬಣ್ಣಕ್ಕೆ ಅದೇ ಕೋಡಿನ ಹೊಸ ಬಣ್ಣ ಹೊಂದುವುದಿಲ್ಲ. ಬಲ್ಲ ಪೇಂಟರ್ ತುಂಡು ತಗಡಿನ ಮೇಲೆ ಹೊಡೆದು ಕಾರಿನ ಪಕ್ಕ ಹಿಡಿದು ನೋಡುತ್ತಾನೆ, ಹೊಂದುವವರೆಗೆ ಬೆರೆಸುತ್ತಾನೆ, ಪಕ್ಕದ ಬಾಗಿಲಿನ ಅಂಚಿಗೆ ಬಣ್ಣವನ್ನು ಕರಗಿಸುತ್ತಾನೆ. ‘ಬೂತ್ ಇದೆಯಾ? ಮ್ಯಾಚಿಂಗ್ ಹೇಗೆ ಮಾಡ್ತೀರಿ?’ ಎಂಬ ಎರಡು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಪೇಂಟರ್ ಎಂಥವನೆಂದು ಗೊತ್ತಾಗುತ್ತದೆ.

ಎಲ್ಲ ಕಾರಿಗೂ ಇದೇ ದಾರಿ ಎಂದು ನಾನು ಹೇಳುತ್ತಿಲ್ಲ. ಮುಂದಿನ ವಾಹನ ಗುರುತಿಸಿ ತಾನೇ ಬ್ರೇಕ್ ಹಾಕುವ ರೇಡಾರ್, ಕ್ಯಾಮೆರಾ ಇರುವ ಕಾರಾದರೆ, ಬಂಪರ್ ಅಥವಾ ಮುಂದಿನ ಗಾಜು ತೆಗೆದು ಹಾಕಿದ ಮೇಲೆ ಅವನ್ನು ಮತ್ತೆ ಅಳತೆಗೆ ಕೂರಿಸಬೇಕಾಗುತ್ತದೆ. ಆ ಸಲಕರಣೆ ಗಲ್ಲಿ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಏರ್‌ಬ್ಯಾಗ್ ದೀಪ ಹತ್ತಿಕೊಂಡಿದ್ದರೆ, ವಿದ್ಯುತ್ ಕಾರಿನ ಅಡಿಗೆ ಪೆಟ್ಟು ಬಿದ್ದಿದ್ದರೆ ಖರ್ಚಿನ ಲೆಕ್ಕ ಬಿಟ್ಟು ಅಧಿಕೃತ ಕೇಂದ್ರಕ್ಕೇ ಹೋಗಿ. ಫುಟ್‌ಪಾತಿನ ಕಲ್ಲಿಗೆ ಚಕ್ರ ಬಡಿದಿದ್ದರೆ ಎಲ್ಲಿ ರಿಪೇರಿ ಮಾಡಿಸಿದರೂ ವೀಲ್ ಅಲೈನ್‌ಮೆಂಟ್ ಬಿಡಬೇಡಿ.

ಬಿಡಿಭಾಗದ ವಿಷಯದಲ್ಲಿ ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯೇ ದೊಡ್ಡ ಪಾಠಶಾಲೆ. ಕಂಪನಿಯ ಅಸಲಿ ಪೆಟ್ಟಿಗೆ, ಬೇರೆ ತಯಾರಕರ ಮಾಲು, ಬರೀ ನಕಲು ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಯಾವುದನ್ನು ಹಾಕುತ್ತಾರೆಂದು ಎಸ್ಟಿಮೇಟಿನಲ್ಲೇ ಬರೆಸಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ಹಳೆಯ ಶೇ 28ರ ಲೆಕ್ಕ ಹೇಳಿದರೆ ಒಪ್ಪಬೇಡಿ. ಹೊರಗಿನ ಗ್ಯಾರೇಜುಗಳಿಗೆ ಅಸಲಿ ಭಾಗ ಸಿಗುವಂತಾಗಲು ದೊಡ್ಡ ಕಾನೂನು ಹೋರಾಟವೇ ನಡೆದಿದೆ. ಅಸಲಿ ಭಾಗ, ತಪಾಸಣಾ ಸಲಕರಣೆಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆನ್ನುವ ಷರತ್ತನ್ನೂ ಆಯೋಗ ಒಪ್ಪಲಿಲ್ಲ. ಆದೇಶದ ವಿರುದ್ಧ ಮೇಲ್ಮನವಿಗಳು ಹೋದವು. ಆದರೂ ಹುಣಸೆಮರದಡಿಯ ಮಿಸ್ತ್ರಿಗೆ ಅಸಲಿ ಬ್ರ್ಯಾಕೆಟ್ ಕೊಳ್ಳುವ ಹಕ್ಕಿರಬೇಕು ಎಂಬ ಮಾತನ್ನು ಈ ದೇಶದ ಆಯೋಗವೊಂದು ಗಟ್ಟಿಯಾಗಿ ಹೇಳಿತು ಎಂಬುದೇ ನನಗೆ ದೊಡ್ಡ ಸಮಾಧಾನ.

ನನ್ನ ಕಾರು ಮೂರನೆಯ ದಿನ ಕೈಗೆ ಬಂತು. ಪಾಕೆಟ್ ಡೈರಿಯ ಹಾಳೆಯಂಥ ಬಿಲ್ಲಿನಲ್ಲಿ ಬ್ರ್ಯಾಕೆಟ್, ಪ್ಲಾಸ್ಟಿಕ್ ವೆಲ್ಡಿಂಗ್, ಟಿಂಕರಿಂಗ್, ಪೇಂಟ್ ಎಂದು ನಾಲ್ಕು ಸಾಲು, ಪ್ರತಿಯೊಂದಕ್ಕೂ ಬೇರೆ ಮೊತ್ತ. ಬಾಗಿದ ಹಳೆಯ ಬ್ರ್ಯಾಕೆಟ್ಟನ್ನು ಕಾಗದದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದರು.

ನಿಮ್ಮ ಕಾರು ಎಲ್ಲಿಂದಲೇ ಬರಲಿ, ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದುಕೊಳ್ಳಬೇಡಿ. ಬೆಳಗ್ಗೆ ಹೋಗಿ. ಬಿಸಿಲಿನಲ್ಲಿ ನಿಲ್ಲಿಸಿ ಓರೆಯಿಂದ ಬಣ್ಣ ನೋಡಿ, ಬಾಗಿಲು ಬಾನೆಟ್ಟುಗಳ ಸಂದು ಎರಡೂ ಕಡೆ ಒಂದೇ ಸಮ ಇದೆಯೇ ಗಮನಿಸಿ, ಸೆನ್ಸರ್, ದೀಪ ಹಾಕಿ ನೋಡಿ, ಒಂದು ಸುತ್ತು ಓಡಿಸಿ. ಕೆಲಸ ತೃಪ್ತಿ ತಂದಿದೆ ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಇಷ್ಟೂ ಆದ ಮೇಲೆಯೇ ಸಹಿ ಹಾಕಿ. ಕೆಲಸ ಕೆಟ್ಟಿದ್ದು ಅವರು ಸರಿಪಡಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.