ಹಳೆಯ ಗಾಡಿಗೆ ಬೇರೊಂದರ ಇಂಜಿನು

ಹಳೆಯ ಪದಾರ್ಥಗಳಲ್ಲಿ ಮನುಷ್ಯನಿಗಿರುವ ಮಮತೆ ವಿಚಿತ್ರವಾದುದು. ಅಜ್ಜನ ಕಾಲದ ಪೆಟ್ಟಿಗೆಯ ಕೀಲು ಮುರಿದರೆ ಕೀಲನ್ನು ಬದಲಿಸುತ್ತೇವೆಯೇ ಹೊರತು ಪೆಟ್ಟಿಗೆಯನ್ನು ಬಿಸಾಡುವುದಿಲ್ಲ. ಮೋಟಾರು ಗಾಡಿಯ ವಿಷಯವೂ ಹಾಗೆಯೇ. ಆದರೆ ಅದರ ಹೃದಯಸ್ಥಾನದಲ್ಲಿರುವ ಇಂಜಿನನ್ನೇ ಬದಲಿಸಬೇಕಾದಾಗ ಮಮತೆಯೊಂದರಿಂದಲೇ ಕಾರ್ಯ ಸಾಗದು, ವಿವೇಕವೂ ಬೇಕು. ಇದನ್ನು ನಾವು ಸ್ವಾನುಭವದಿಂದ ಕಲಿತೆವು. ಗೃಹಸ್ಥರಾದ ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ನಮ್ಮ ತೀರ್ಥರೂಪರು ಬಿಟ್ಟುಹೋದ ಅಂಬಾಸಿಡರ್ ಗಾಡಿ 1984ರದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯಿಂದ ಹುಟ್ಟಿದ ಈ ಜಾತಿಯು ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾಯಿತು. ಕಳೆದ ಬೇಸಗೆಯಲ್ಲಿ ರೇಡಿಯೇಟರಿನ ನೀರು ಸೋರಿಹೋದುದನ್ನು ಗಮನಿಸದೆ ನಾವು ಗಾಡಿಯನ್ನು ಓಡಿಸಿದೆವು. ಇಂಜಿನು ಕಾದು, ಬಿಗಿದು, ನಡುದಾರಿಯಲ್ಲಿ ನಿಂತಿತು. ಬಿಚ್ಚಿ ನೋಡಿದಾಗ ಬ್ಲಾಕು ಸೀಳಿತ್ತು. ತಪ್ಪು ನಮ್ಮದೇ. “ಗುಜರಿಗೆ ಕೊಟ್ಟುಬಿಡೋಣ ಅಪ್ಪ” ಎಂದ ನಮ್ಮ ಮಗ. ನಮಗೆ ಮನಸ್ಸು ಬಾರಲಿಲ್ಲ.

ಅಷ್ಟರಲ್ಲಿ ದಲ್ಲಾಳಿಯೊಬ್ಬನು ಬಂದು, “ನನ್ನ ಬಳಿ ಒಂದು ಅಂಬಾಸಿಡರ್ ಇದೆ ಸ್ವಾಮಿ, ಅದರ ಇಂಜಿನು ಚಿನ್ನ, ತೆಗೆದು ಇದಕ್ಕೆ ಹಾಕಿದರಾಯಿತು” ಎಂದನು. ಹೊರಗಿನಿಂದ ನೋಡಿದರೆ ಎರಡು ಗಾಡಿಗಳೂ ಅವಳಿಜವಳಿಗಳಂತಿದ್ದವು. ಸಂಸ್ಕೃತದಲ್ಲಿ ‘ಸೈಂಧವ’ವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ಕೇಳಿದರೆ ಕುದುರೆಯನ್ನು ತಂದು ನಿಲ್ಲಿಸುವವನು ಮೂರ್ಖನೇ ಸರಿ. ಅಂಬಾಸಿಡರ್ ಎಂಬ ಹೆಸರೂ ಅಂಥದು. ನಮ್ಮ ಗಾಡಿಯದು 1489 ಘನ ಸೆಂಟಿಮೀಟರಿನ ಪೆಟ್ರೋಲ್ ಇಂಜಿನು. ಅಷ್ಟೇ ಅಳತೆಯ ಡೀಸೆಲ್ ಇಂಜಿನು ಬೇರೊಂದುಂಟು. 1990ರ ದಶಕದ ಆದಿಯಲ್ಲಿ ಬಂದ ಜಪಾನಿನ ಇಸುಝು ಮಾದರಿಯದು 1817 ಘನ ಸೆಂಟಿಮೀಟರಿನದು. ಅದರ ಜೊತೆಗಿರುವುದು ಐದು ಗೇರಿನ ಪೆಟ್ಟಿಗೆ, ನಮ್ಮದಕ್ಕೆ ನಾಲ್ಕೇ. ದಲ್ಲಾಳಿಯ ಚಿನ್ನವು ಈ ಇಸುಝು ಜಾತಿಯದು. ಅದನ್ನು ಕೂರಿಸಬೇಕಾದರೆ ಇಂಜಿನಿನ ಆಧಾರಗಳು, ಗೇರುಪೆಟ್ಟಿಗೆ, ಹೊಗೆಕೊಳವೆ ಮೊದಲಾದುವನ್ನೆಲ್ಲ ಬದಲಿಸಬೇಕು. ಆದಕಾರಣ ಬೇಡವೆಂದೆವು.

ಆಗ ನೆನಪಾದುದು ಸ್ವರ್ಗಸ್ಥರಾದ ನಮ್ಮ ಮಿತ್ರರೊಬ್ಬರ ಗಾಡಿ. 1986ರದು, ಪೆಟ್ರೋಲಿನದು, ನಮ್ಮದರ ಇಂಜಿನೇ ಅದಕ್ಕೂ. ಕೊಟ್ಟಿಗೆಯ ಮಾಡು ಕುಸಿದು ಅದರ ಮೈಯೆಲ್ಲ ನಜ್ಜುಗುಜ್ಜಾಗಿತ್ತು. ಅಡಿಭಾಗವನ್ನು ತುಕ್ಕು ತಿಂದಿತ್ತು. ಇಂಜಿನು ಮಾತ್ರ ಕ್ಷೇಮವಾಗಿತ್ತು. ಕೇಳಲು ಸಂಕೋಚವಾದರೂ ಮಿತ್ರರ ಧರ್ಮಪತ್ನಿಯವರಲ್ಲಿ ವಿಷಯವನ್ನೆತ್ತಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತೆಗೆದುಕೊಂಡು ಹೋಗಿ ಮೇಷ್ಟ್ರೇ. ಆದರೆ ನಾಳೆ ಯಾರೂ ನನ್ನನ್ನು ಕಚೇರಿಗೆ ಅಲೆಸುವ ಹಾಗೆ ಆಗಬಾರದು” ಎಂದರು. ನಾವು ಮಾತು ಕೊಟ್ಟೆವು.

ಇನ್ನು ಕೆಲಸದ ಕ್ರಮ. ಹಲವು ವರ್ಷ ನಿಂತ ಇಂಜಿನನ್ನು ಒಮ್ಮೆಗೇ ತಿರುಗಿಸಬಾರದು. ನಮ್ಮ ಮೇಸ್ತ್ರಿಯು ಮೊದಲು ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, ಮರುದಿನ ಕೈಯಿಂದಲೇ ಮೆಲ್ಲಗೆ ತಿರುಗಿಸಿದನು. ಅನಂತರ ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಅಳೆದನು. ನಾಲ್ಕೂ ಸರಿಸುಮಾರು ಒಂದೇ ಸಮನಾಗಿದ್ದುದರಿಂದ ಧೈರ್ಯವಾಯಿತು. ಬ್ಯಾಟರಿಯ ಸಂಬಂಧವನ್ನು ಕಳಚಿ, ನೀರನ್ನೂ ಎಣ್ಣೆಯನ್ನೂ ಇಳಿಸಿ, ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ಬಾನೆಟ್ಟು ರೇಡಿಯೇಟರುಗಳನ್ನು ತೆಗೆದಿಟ್ಟು, ಸರಪಳಿ ರಾಟೆಯಿಂದ ಇಂಜಿನನ್ನು ಮೇಲೆತ್ತಿದರು. ಇಂಜಿನು ಹೊರಗಿರುವಾಗಲೇ ಕ್ಲಚ್ಚಿನ ತಟ್ಟೆ, ಎಣ್ಣೆ ತಡೆಯುವ ಸೀಲುಗಳು, ರಬ್ಬರಿನ ಆಧಾರಗಳು, ನೀರಿನ ಕೊಳವೆಗಳು ಇವನ್ನು ಹೊಸದಾಗಿ ಹಾಕಿಸತಕ್ಕದ್ದು. ಆಗ ಉಳಿಸಿದ ಹಣವನ್ನು ಮುಂದೆ ಇಮ್ಮಡಿಯಾಗಿ ತೆರಬೇಕಾಗುತ್ತದೆ. ಕೂರಿಸುವಾಗ ಇಂಜಿನಿನ ಭಾರವನ್ನು ಗೇರುಪೆಟ್ಟಿಗೆಯ ದಂಡದ ಮೇಲೆ ಬಿಡಲೇಬಾರದು. ಬಿಟ್ಟರೆ ಕ್ಲಚ್ಚಿನ ತಟ್ಟೆ ಕೆಡುತ್ತದೆ.

ಎಲ್ಲವೂ ಮುಗಿದು ಚಾಲೂ ಮಾಡಿದರೆ ಇಂಜಿನು ಓಡುವುದಕ್ಕೆ ಬದಲಾಗಿ ಕಾರ್ಬ್ಯುರೇಟರಿನ ಕಡೆಗೆ ಢಂ ಎಂದು ಸಿಡಿಯಿತು! ಈ ಇಂಜಿನಿನಲ್ಲಿ ಕಿಡಿಯ ಸರದಿ 1-3-4-2. ಸರದಿಯೇನೋ ಸರಿಯಾಗಿಯೇ ಇತ್ತು; ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಮಾತ್ರ ಅರ್ಧ ಸುತ್ತು ತಪ್ಪಿಸಿ ಕೂರಿಸಲಾಗಿತ್ತು. “ಅಕ್ಷರ ಸರಿ, ಆರಂಭ ತಪ್ಪು ಮೇಷ್ಟ್ರೇ” ಎಂದು ಮೇಸ್ತ್ರಿ ನಕ್ಕು ತಿದ್ದಿದನು. ಎರಡನೆಯ ಸಲಕ್ಕೆ ಓಡಿತು.

ನಿಜವಾದ ಪರೀಕ್ಷೆ ಆಮೇಲೆ ಬಂದಿತು. “ಕಚೇರಿಗೇಕೆ ಅಲೆಯುತ್ತೀರಿ? ನಿಮ್ಮ ಹಳೆಯ ಸಂಖ್ಯೆಯನ್ನೇ ಇದರ ಮೇಲೆ ಕೊರೆದುಬಿಟ್ಟರೆ ಯಾರಿಗೆ ತಿಳಿಯುತ್ತದೆ?” ಎಂದು ಹಿತೈಷಿಯೊಬ್ಬರು ಉಪದೇಶಿಸಿದರು. ಮೂವತ್ತು ವರ್ಷ ಮಕ್ಕಳಿಗೆ ನಕಲು ಮಾಡಬೇಡಿರೆಂದು ಹೇಳಿದ ನಾವು ಮುಪ್ಪಿನಲ್ಲಿ ಕಬ್ಬಿಣದ ಮೇಲೆ ನಕಲು ಬರೆಯುವುದೇ? ಅಲ್ಲದೆ ಆ ಸಂಖ್ಯೆಯೊಡನೆ ಒಬ್ಬ ವಿಧವೆಗೆ ಕೊಟ್ಟ ಮಾತೂ ಅಂಟಿಕೊಂಡಿತ್ತು. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಇಂಜಿನು ಬದಲಾದರೆ ನೋಂದಣಾಧಿಕಾರಿಯ ಅನುಮೋದನೆಯನ್ನು ಪಡೆದು ಹೊಸ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಬರೆಯಿಸಬೇಕು. ಇನ್ನು ಬಳಕೆಗೆ ಬಾರದಂತಾದ ಗಾಡಿಯ ವಿಷಯವನ್ನು ಅದರ ಒಡೆಯರು 14 ದಿನಗಳೊಳಗೆ ತಿಳಿಸಿ ಪತ್ರವನ್ನು ಒಪ್ಪಿಸಬೇಕು. ನಾವು ಆಕೆಯಿಂದ ಇಂಜಿನಿನ ಸಂಖ್ಯೆ ಸಹಿತವಾದ ದಾನಪತ್ರವನ್ನು ಬರೆಯಿಸಿಕೊಂಡು ಎರಡು ಕೆಲಸಗಳನ್ನೂ ಮುಗಿಸಿದೆವು; ವಿಮೆಯವರಿಗೂ ತಿಳಿಸಿದೆವು. ನಾಲ್ಕು ಸಲ ಅಲೆದುದು ನಿಜ. ಆದರೆ ಅಲೆದವರು ನಾವು, ಆಕೆಯಲ್ಲ.

ಎಲ್ಲ ಕಾಗದಗಳೂ ಕೈಸೇರಿದ ದಿನ ಗಾಡಿಯನ್ನು ಆಕೆಯ ಮನೆಯ ಮುಂದೆ ನಿಲ್ಲಿಸಿದೆವು. ಸದ್ದು ಕೇಳಿ ಆಕೆ ಬಾಗಿಲಿಗೆ ಬಂದರು. “ಬೆಳಿಗ್ಗೆ ಅವರು ಹೊರಡುವಾಗ ಹೀಗೇ ಕೇಳಿಸುತ್ತಿತ್ತು” ಎಂದರು. ನಾವು ಇಂಜಿನನ್ನು ಆರಿಸಲು ಕೈ ಚಾಚಿದಾಗ, “ಇರಲಿ, ಸ್ವಲ್ಪ ಹೊತ್ತು ಓಡಲಿ” ಎಂದು ಜಗಲಿಯ ಮೇಲೆ ಕುಳಿತರು. ನಾವೂ ಕುಳಿತೆವು.