ನದಿಯನ್ನು ಬಿಟ್ಟು ಬೆಟ್ಟ ಹತ್ತುವ ದಾರಿ

ಲಡಾಖಿನ ಲಾಮಾಯುರು ಮಠದಿಂದ ಝಂಸ್ಕಾರಿನ ಪದುಮ್ ಊರಿಗೆ ಹೋಗುವ ಹಳೆಯ ಕಾಲುದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಅದು ವಿಚಿತ್ರವಾಗಿ ಕಾಣುತ್ತದೆ. ಪದುಮ್ ಬಯಲಿನಿಂದ ಹೊರಡುವ ಝಂಸ್ಕಾರ್ ನದಿ ಪರ್ವತಶ್ರೇಣಿಯನ್ನೇ ಸೀಳಿಕೊಂಡು ಬಂದು, ನಿಮ್ಮು ಎಂಬ ಊರಿನ ಬಳಿ ಸಿಂಧೂ ನದಿಯನ್ನು ಸೇರುತ್ತದೆ. ಹೊಳೆಯ ದಂಡೆ ಹಿಡಿದು ನಡೆದರೆ ಊರು ಸಿಗುತ್ತದೆ ಎಂಬುದು ನಮ್ಮ ಕಡೆಯ ತಿಳಿವಳಿಕೆ. ಈ ದಾರಿ ಮಾತ್ರ ನದಿಗೆ ಬೆನ್ನು ಹಾಕಿ, ಪ್ರಿಂಕಿಟಿ ಲಾ, ಸಿರ್‌ಸಿರ್ ಲಾ, ಸೆಂಗೆ ಲಾ, ಹನುಮಾ ಲಾ, ಪರ್ಫಿ ಲಾ ಎಂದು ಘಟ್ಟದ ಮೇಲೆ ಘಟ್ಟ ಹತ್ತಿಳಿಯುತ್ತದೆ. ಇವುಗಳಲ್ಲಿ ಸೆಂಗೆ ಲಾ 5,000 ಮೀಟರಿನ ಆಸುಪಾಸಿನಲ್ಲಿದೆ. ನೂರಾರು ವರ್ಷ ಹೇಸರಗತ್ತೆಗಳ ಮೇಲೆ ಹೊರೆ ಹೇರಿಕೊಂಡು ಓಡಾಡಿದ ಜನ ಸುಮ್ಮನೆ ಇಷ್ಟು ಕಷ್ಟ ಪಟ್ಟಿರಲಾರರು. ಅವರ ಹೆಜ್ಜೆಯನ್ನು ಬೆಟ್ಟಕ್ಕೆ ತಿರುಗಿಸಿದ್ದು ಅಲ್ಲಿನ ಕಲ್ಲು ಮತ್ತು ನೀರು.

ಬೆಟ್ಟ ಮೇಲೇಳುತ್ತಿರುವಾಗ ಅದನ್ನು ದಾಟುವ ನದಿ ಕೆಳಗೆ ಕೊರೆಯುತ್ತಾ ಹೋದರೆ ಕಮರಿ ಹುಟ್ಟುತ್ತದೆ. ಆದರೆ ಕಮರಿ ಇಕ್ಕಟ್ಟಾಗಿಯೇ ಉಳಿಯಬೇಕಾದರೆ ಇನ್ನೊಂದು ಕಾರಣವೂ ಬೇಕು. ಮಳೆ ಸುರಿಯುವ ಸೀಮೆಯಲ್ಲಿ ನದಿ ತಳವನ್ನು ಕೊರೆಯುತ್ತಿದ್ದರೆ ಮಳೆನೀರು ಎರಡೂ ಬದಿಯ ಇಳಿಜಾರನ್ನು ಕೊರೆದು ತಗ್ಗಿಸುತ್ತದೆ, ಕಣಿವೆ ಅಗಲವಾಗುತ್ತದೆ. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈನ ಒಂದು ಜಡಿಮಳೆಯ ದಿನ ಸುರಿದುಬಿಡುವಷ್ಟು. ದೂರದ ಹಿಮದಿಂದ ನೀರುಂಡು ಬರುವ ನದಿ ತಳವನ್ನು ಗೀರುತ್ತದೆ, ಪಕ್ಕದ ಗೋಡೆಗಳು ಹಾಗೆಯೇ ನಿಂತಿರುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿ ನದಿ ಉಕ್ಕಿದಾಗ ಕಮರಿಯ ತಳದಲ್ಲಿ ಕಾಲಿಡಲೂ ಜಾಗ ಉಳಿಯುವುದಿಲ್ಲ. ನಡೆಯುವವರಿಗೆ ಉಳಿಯುವುದು ಬೆಟ್ಟವೊಂದೇ.

ದಾರಿ ಶುರುವಾಗುವ ಲಾಮಾಯುರುವಿನಲ್ಲಿಯೇ ಭೂವಿಜ್ಞಾನ ಕಣ್ಣಿಗೆ ಹೊಡೆಯುವಂತಿದೆ. ಮಠ ನಿಂತ ದಿಬ್ಬದ ಸುತ್ತ ತಿಳಿ ಹಳದಿ ಬಣ್ಣದ ಮೆತ್ತನೆಯ ಮಣ್ಣು, ಮಡಿಕೆ ಮಡಿಕೆಯಾಗಿ, ಮೊನಚು ಮೊನಚಾಗಿ ಹರಡಿದೆ. ಪ್ರವಾಸಿಗರಿಗೆ ಇದನ್ನು ಚಂದ್ರನ ನೆಲವೆಂದು ತೋರಿಸುತ್ತಾರೆ. ಚಂದ್ರನ ಮೇಲೆ ಇಂಥದ್ದು ಆಗಲು ಸಾಧ್ಯವೇ ಇಲ್ಲ, ಏಕೆಂದರೆ ಇದು ಕೆರೆಯ ತಳ. ಹತ್ತಾರು ಸಾವಿರ ವರ್ಷಗಳ ಹಿಂದೆ ಕೆಳಗಿನ ಕಣಿವೆಗೆ ಬೆಟ್ಟ ಕುಸಿದು ಅಡ್ಡಗಟ್ಟೆಯಾಯಿತು. ಹಿಂದೆ ನಿಂತ ನೀರಿನಲ್ಲಿ ನುಣುಪು ಹೂಳು ಪದರ ಪದರವಾಗಿ ಕೂತು 100 ಮೀಟರಿಗೂ ಹೆಚ್ಚು ದಪ್ಪವಾಯಿತು. ಮುಂದೆ ಕಟ್ಟೆ ಒಡೆದು ನೀರು ಹೋಯಿತು, ಹೂಳು ಉಳಿಯಿತು. ಆ ಹೂಳಿನಲ್ಲಿ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳು ಇಂದಿಗೂ ಸಿಗುತ್ತವೆ.

ಊರಿನವರ ಐತಿಹ್ಯವೂ ಇದನ್ನೇ ಹೇಳುತ್ತದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಇಲ್ಲಿ ಒಂದು ಸರೋವರವಿತ್ತು, ಹನ್ನೊಂದನೇ ಶತಮಾನದ ಬೌದ್ಧ ಸಿದ್ಧ ನಾರೋಪ ಬಂದು ಬೆಟ್ಟ ಸೀಳಿ ನೀರನ್ನು ಹೊರಬಿಟ್ಟ, ಆಮೇಲೆ ಮಠ ಎದ್ದಿತು ಎಂದು ಕಥೆ. ಅವನು ಧ್ಯಾನಕ್ಕೆ ಕೂತನೆನ್ನುವ ಗವಿ ಮಠದೊಳಗಿದೆ. ಸರೋವರ ಬರಿದಾದ ಕಾಲವನ್ನು ಕಥೆ ಈಚೆಗೆ ಎಳೆದು ತಂದಿರಬಹುದು. ಆದರೆ ಮಣ್ಣಿನ ಬಣ್ಣ, ಮಟ್ಟಸವಾದ ಪದರ, ಚಿಪ್ಪು ಇವನ್ನು ನೋಡಿ ಇಲ್ಲಿ ನೀರು ನಿಂತಿತ್ತು ಎಂದು ಗ್ರಹಿಸಿದವರ ಕಣ್ಣು ಚುರುಕಾಗಿತ್ತು.

ಬೆಟ್ಟ ಕುಸಿದು ಕೆರೆ ಕಟ್ಟುವುದು ಮುಗಿದುಹೋದ ಪುರಾಣವೂ ಅಲ್ಲ. 2014ರ ಡಿಸೆಂಬರ್ ಕೊನೆಯಲ್ಲಿ ಝಂಸ್ಕಾರಿನ ಫುಕ್ತಾಲ್ ಮಠದ ಕಡೆಯ ಹೊಳೆಗೆ ಗುಡ್ಡ ಜಾರಿ ಬಿತ್ತು. ಚಳಿಗಾಲವೆಲ್ಲ ಅದರ ಹಿಂದೆ ಕಿಲೋಮೀಟರುಗಟ್ಟಲೆ ನೀರು ಸೇರಿತು. 2015ರ ಮೇ 7ರಂದು ಕಟ್ಟೆ ಒಡೆದು, ಕೆಳಗಿನ ಸೇತುವೆಗಳು ಕೊಚ್ಚಿಹೋದವು. ಮೊದಲೇ ಎಚ್ಚರಿಕೆ ಸಿಕ್ಕಿದ್ದರಿಂದ ಜನ ಉಳಿದರು. ಲಾಮಾಯುರುವಿನ ಕೆರೆ ಹುಟ್ಟಿದ್ದೂ ಹೀಗೆಯೇ. ಅದರ ಕಟ್ಟೆ ತಿಂಗಳುಗಳ ಬದಲು ಸಾವಿರಾರು ವರ್ಷ ತಡೆದುಕೊಂಡಿತು, ಅಷ್ಟೇ.

ಪ್ರಿಂಕಿಟಿ ಲಾ ದಾಟಿ ಒಣ ಕೊರಕಲೊಂದರಲ್ಲಿ ಇಳಿದರೆ ವಾನ್ಲಾ. ಅಲ್ಲಿ ಕಿರಿದಾದ ಏಣು ಬಂಡೆಯ ಮೇಲೆ ಸುಮಾರು 700 ವರ್ಷ ಹಳೆಯ, ಮೂರಂತಸ್ತಿನ ಗುಡಿಯಿದೆ. ಅಲ್ಲಿಂದ ಹನುಪಟ್ಟಾ ಊರಿನತ್ತ ಯಪೋಲಾ ಹೊಳೆಯ ಕಮರಿ ಹಿಡಿಯಬೇಕು. ಎರಡೂ ಕಡೆಯ ಕಲ್ಲಿನ ಪದರಗಳು ನೆಟ್ಟಗೆ ನಿಂತಿವೆ, ಕೆಲವೆಡೆ ಸೀರೆಯ ನೆರಿಗೆಯಂತೆ ಮಡಚಿಕೊಂಡಿವೆ. ಮರವಿಲ್ಲ, ಹುಲ್ಲಿಲ್ಲ, ಮೇಲ್ಮಣ್ಣೂ ಇಲ್ಲ. ಮಲೆನಾಡಿನಲ್ಲಿ ಭೂವಿಜ್ಞಾನಿ ಒಂದು ತುಂಡು ಮೂಲಶಿಲೆ ಕಾಣಬೇಕೆಂದರೆ ಹಳ್ಳದ ತಳವನ್ನೋ ರಸ್ತೆಗೆ ಕಡಿದ ಧರೆಯನ್ನೋ ಹುಡುಕಬೇಕು. ಇಲ್ಲಿ ಇಡೀ ಬೆಟ್ಟವೇ ಬಿಚ್ಚಿಟ್ಟಿದೆ.

ಬಿಚ್ಚಿಟ್ಟಿರುವುದು ಎರಡು ಭೂಫಲಕಗಳ ಹೊಲಿಗೆ. ಭಾರತದ ಫಲಕ ಉತ್ತರಕ್ಕೆ ವರ್ಷಕ್ಕೆ 15 ಸೆಂಟಿಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ವೇಗದಲ್ಲಿ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಒತ್ತಿಕೊಂಡಿತು. ನಡುವೆ ಇದ್ದ ಟೆಥಿಸ್ ಸಾಗರದ ತಳದ ಬಹುಪಾಲು ಏಷ್ಯಾದ ಅಡಿಗೆ ಇಳಿದು ಹೋಯಿತು. ಸಿಂಧೂ ಕಣಿವೆಯ ಉತ್ತರಕ್ಕೆ ಕಾಣುವ ಬೂದುಬಣ್ಣದ ಗ್ರಾನೈಟ್ ಬೆಟ್ಟಗಳು ಆಗ ಆಳದಲ್ಲಿ ಕರಗಿ ಮೇಲೆದ್ದ ಶಿಲಾರಸ ತಣಿದು ಆದವು. ಸಾಗರ ತಳದ ಸ್ವಲ್ಪ ಭಾಗ ಮಾತ್ರ ಅಡಿಗೆ ಇಳಿಯದೆ ಭಾರತದ ಅಂಚಿನ ಮೇಲೇರಿ ಕೂತುಬಿಟ್ಟಿತು. ಫೋಟೋಕ್ಸಾರ್ ಊರಿನ ಆಚೆಗಿರುವ ಸ್ಪಾಂಗ್ತಾಂಗ್ ಎಂಬ ಕಪ್ಪು–ಕಂದು ಬೆಟ್ಟ ಅಂಥದ್ದು. ಸಾಗರದಡಿಯ ಶಿಲೆ, ಅದಕ್ಕೂ ಕೆಳಗಿನ ಮ್ಯಾಂಟಲ್ ಶಿಲೆ ಎರಡೂ ಅಲ್ಲಿ ಆಕಾಶಕ್ಕೆ ತೆರೆದುಕೊಂಡಿವೆ.

ಝಂಸ್ಕಾರ್ ಶ್ರೇಣಿಯ ಕಡಿದಾದ ಸುಣ್ಣಕಲ್ಲಿನ ಗೋಡೆಗಳದ್ದು ಬೇರೆ ಕಥೆ. ಇವು ಏಷ್ಯಾದವಲ್ಲ, ನಮ್ಮವು. ಭಾರತದ ಫಲಕದ ಉತ್ತರದ ಕರಾವಳಿಯಾಚೆ, ಆಳವಿಲ್ಲದ ಬೆಚ್ಚನೆಯ ಕಡಲಿನಲ್ಲಿ ಕೋಟ್ಯಂತರ ವರ್ಷ ಚಿಪ್ಪು, ಕೆಸರು ಕೂತು ಆದ ಕಲ್ಲು. ಇದರ ಅತ್ಯಂತ ಎಳೆಯ ಪದರಗಳಲ್ಲಿ ನಾಣ್ಯದಾಕಾರದ ನಮ್ಯುಲೈಟ್ ಎಂಬ ಏಕಕೋಶ ಜೀವಿಗಳ ಪಳೆಯುಳಿಕೆ ಸಿಗುತ್ತದೆ. ಅದರ ಮೇಲೆ ಕಡಲಿನ ಕಲ್ಲೇ ಇಲ್ಲ. ಅಂದರೆ ಇಲ್ಲಿ ಸಮುದ್ರ ಮುಗಿದದ್ದು ಯಾವಾಗ ಎಂಬುದಕ್ಕೆ ಆ ಪದರದ ವಯಸ್ಸೇ ಸಾಕ್ಷಿ. ಡಿಕ್ಕಿಯ ಕಾಲವನ್ನು ವಿಜ್ಞಾನಿಗಳು ಲೆಕ್ಕ ಹಾಕುವ ದಾರಿಗಳಲ್ಲಿ ಇದೂ ಒಂದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದೂ ಸೆಂಗೆ ಲಾದ ಸುಣ್ಣಕಲ್ಲೂ ಒಂದೇ ಫಲಕದ ಮೇಲಿನವು. ಒಂದು ಅದರ ಗಟ್ಟಿ ನಡುಭಾಗ, ಇನ್ನೊಂದು ಜಜ್ಜಿಹೋದ ಮುಂಚೂಣಿ. ಫಲಕ ಇನ್ನೂ ನಿಂತಿಲ್ಲ. ದಕ್ಷಿಣ ಭಾರತ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ.

ಸೆಂಗೆ ಲಾದ ನೆತ್ತಿಯಲ್ಲಿ ಇದನ್ನೆಲ್ಲ ಯೋಚಿಸಲು ಉಸಿರು ಇರಬೇಕು. ಅಲ್ಲಿ ಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನಷ್ಟೇ, ಶೇಕಡ 21. ಆದರೆ ವಾಯುವಿನ ಒತ್ತಡ ಕಡಲತೀರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ, ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಅಣುಗಳು ಅಷ್ಟಕ್ಕೇ ಇಳಿಯುತ್ತವೆ. ದೇಹ ಕೂಡಲೇ ಉಸಿರಾಟದ ವೇಗ ಏರಿಸುತ್ತದೆ. ಅದರಿಂದ ಇಂಗಾಲದ ಡೈ ಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಮಿದುಳು ಉಸಿರಿಗೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟನ್ನು ಹೊರಹಾಕಿ ರಕ್ತವನ್ನು ಸರಿದೂಗಿಸಲು ಕೆಲವು ದಿನ ಬೇಕು. ಲೇಹ್‌ಗೆ ವಿಮಾನದಲ್ಲಿ ಇಳಿದವರು ಮೊದಲು ಸುಮ್ಮನೆ ಕೂತು ವಿಶ್ರಮಿಸಬೇಕು ಎನ್ನುವುದು ಇದಕ್ಕಾಗಿಯೇ. ಈ ಸಲಹೆಯನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ; ಶ್ವಾಸಕೋಶಕ್ಕೆ, ಮಿದುಳಿಗೆ ನೀರು ತುಂಬಿ ಗಟ್ಟಿಮುಟ್ಟಾದ ಯುವಕರೂ ಸಾಯುತ್ತಾರೆ. ತಲೆಮಾರುಗಳಿಂದ ಎತ್ತರದಲ್ಲೇ ಬಾಳಿದವರ ದೇಹದ ಏರ್ಪಾಡು ಬೇರೆ. ಟಿಬೆಟನ್ನರಲ್ಲಿ ಇಪಿಎಎಸ್1 ಎಂಬ ಜೀನಿನ ವಿಶೇಷ ರೂಪವಿದ್ದು, ಕೆಂಪು ರಕ್ತಕಣಗಳು ಅತಿಯಾಗಿ ಹೆಚ್ಚಿ ರಕ್ತ ಮಂದವಾಗುವುದನ್ನು ಅದು ತಡೆಯುತ್ತದೆ. ಅದು ಅಳಿದುಹೋದ ಡೆನಿಸೋವನ್ ಮಾನವರಿಂದ ಬಂದ ಬಳುವಳಿ ಎಂದು 2014ರಲ್ಲಿ ಗೊತ್ತಾಯಿತು.

ಘಟ್ಟದಾಚೆ ಲಿಂಗ್‌ಶೆಡ್. ಬರಡು ಬೆಟ್ಟಗಳ ನಡುವೆ ಇದ್ದಕ್ಕಿದ್ದಂತೆ ಬಾರ್ಲಿ, ಬಟಾಣಿಯ ಹಸಿರು, ಮೇಲೆ ಬಿಳಿಯ ಮಠ. ಈ ಸೀಮೆಯ ಊರುಗಳು ಹೀಗೆ ಬಿಡಿಬಿಡಿಯಾಗಿ ಇರುವುದಕ್ಕೆ ಕಾರಣ ಸರಳ: ಮಳೆಯ ಬೇಸಾಯ ಸಾಧ್ಯವಿಲ್ಲ. ಹಿಮ ಕರಗಿದ ನೀರಿನ ಉಪಹೊಳೆ ಬೆಟ್ಟದ ಬಾಯಿಂದ ಹೊರಬಿದ್ದಲ್ಲಿ ಕಲ್ಲುಮಣ್ಣು ಬೀಸಣಿಗೆಯಾಕಾರದಲ್ಲಿ ಹರಡಿರುತ್ತದೆ. ನೀರು, ಮಣ್ಣು, ಹದವಾದ ಇಳಿಜಾರು ಮೂರೂ ಕೂಡುವುದು ಅಲ್ಲಿ ಮಾತ್ರ. ಅಲ್ಲಿ ಅಗೆದ ಕಾಲುವೆಗೆ ಯುರಾ, ನೀರು ಕೂಡಿಡುವ ಹೊಂಡಕ್ಕೆ ಝಿಂಗ್, ಸರದಿಯಂತೆ ನೀರು ಹಂಚುವವನಿಗೆ ಚುರ್‌ಪೋನ್ ಎನ್ನುತ್ತಾರೆ. ಉಳಲು ಬರುವ ಒಂದು ಗೇಣು ನೆಲವೂ ಅಮೂಲ್ಯ. ಹಾಗಾಗಿ ಮನೆ, ಮಠಗಳು ಬೆಳೆಯಲಾರದ ಬಂಡೆಗೆ ಏರಿದವು. ಮಠಗಳ ಎತ್ತರದಲ್ಲಿ ಭಕ್ತಿಯ ಜೊತೆಗೆ ಈ ಲೆಕ್ಕಾಚಾರವೂ ಇದೆ. ಬೀಸಣಿಗೆಯ ನೆಲಕ್ಕೆ ಅಪಾಯವೂ ಅಂಟಿಕೊಂಡಿದೆ, ಅದನ್ನು ಹರಡಿದ್ದೇ ಹಳೆಯ ಪ್ರವಾಹಗಳಲ್ಲವೇ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಮೋಡ ಒಡೆದಂತೆ ಮಳೆ ಸುರಿದಾಗ ಅಂಥ ನೆಲದ ಮೇಲೆ ಈಚೆಗೆ ಹಬ್ಬಿದ ಬಡಾವಣೆಗಳ ಮೇಲೆ ಕೆಸರು ನುಗ್ಗಿ 200ಕ್ಕೂ ಹೆಚ್ಚು ಜನ ಸತ್ತರು.

ಲಿಂಗ್‌ಶೆಡ್‌ನದ್ದು, ಮುಂದೆ ಪದುಮ್ ಎದುರಿನ ಕಾರ್ಶಾದ್ದು ಗೆಲುಗ್ ಪಂಥದ ಮಠಗಳು. ಈ ಪಂಥದ ಮಠಗಳ ಭಿಕ್ಷುಗಳು ಉನ್ನತ ಅಧ್ಯಯನಕ್ಕೆ ಬರುವುದು ನಮ್ಮ ಮುಂಡಗೋಡಿಗೆ, ಬೈಲಕುಪ್ಪೆಗೆ. ಚಾರಣಕ್ಕೆ ಹೋದ ಕನ್ನಡಿಗರಿಗೆ ಅಲ್ಲಿ ಹುಬ್ಬಳ್ಳಿಯ ಸುದ್ದಿ ಕೇಳುವವರು ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ಹಿಮವೇ ಕೈಕೊಟ್ಟರೆ ಊರು ಉಳಿಯುವುದಿಲ್ಲ. ಪದುಮ್ ಹತ್ತಿರದ ಕುಮಿಕ್ ಊರಿನ ಮೇಲೆ ಹಿಮನದಿಯಿಲ್ಲ, ಚಳಿಗಾಲದ ಹಿಮವೇ ಆಧಾರ. ಅದು ಬೇಗ ಕರಗಿ ಹೊಳೆ ಬತ್ತತೊಡಗಿದಾಗ, ಜನ ಕೆಳಗಿನ ಬಯಲಿಗೆ ನದಿಯಿಂದ ಕಾಲುವೆ ಅಗೆದು ಹೊಸ ಊರು ಕಟ್ಟಲು ಹೊರಟರು. ಲೇಹ್ ಸುತ್ತಲಿನ ಹಳ್ಳಿಗಳಿಗಾಗಿ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಚಳಿಗಾಲದಲ್ಲಿ ವ್ಯರ್ಥವಾಗುವ ನೀರನ್ನು ನೆರಳಿನ ಇಳಿಜಾರಿನಲ್ಲಿ ತಡೆದು ಹೆಪ್ಪುಗಟ್ಟಿಸುವ ಉಪಾಯ ಕಂಡುಹಿಡಿದರು. ಬಿತ್ತನೆಯ ಹೊತ್ತಿಗೆ, ಮೇಲಿನ ಹಿಮನದಿ ಕರಗುವ ಮೊದಲೇ, ಅದು ಕರಗಿ ಹೊಲಕ್ಕೆ ಬರುತ್ತದೆ. ಹೊರಗಿನವರ ಯೋಜನೆಗಳಿಗಿಂತ ಇದು ನನಗೆ ದೊಡ್ಡದೆನಿಸುತ್ತದೆ, ಏಕೆಂದರೆ ರೈತನಿಗೆ ಬೇಕಾದ ವಾರದಲ್ಲೇ ನೀರು ಕೊಡುವಂತೆ ಅದನ್ನು ರೂಪಿಸಲಾಗಿದೆ.

ಪರ್ಫಿ ಲಾ ಇಳಿದ ಮೇಲೆ ದಾರಿ ಕೊನೆಗೂ ಝಂಸ್ಕಾರ್ ನದಿಯ ಮಗ್ಗುಲಿಗೆ ಬರುತ್ತದೆ. ಹನುಮಿಲ್, ಪಿಶು, ಕಾರ್ಶಾ. ಕಣಿವೆ ಅಗಲವಾಗಿದ್ದರಿಂದ ಈಗ ದಂಡೆಯಲ್ಲೇ ನಡೆಯಬಹುದು. ನದಿಯಾಚೆಗೆ ಝಾಂಗ್ಲಾ. ಹಂಗೆರಿಯ ಚೋಮಾ ದ ಕೊರೊಶ್ 1823ರಲ್ಲಿ ಬಂದು ಲಾಮಾ ಗುರುವಿನ ಬಳಿ ಕೂತು ಟಿಬೆಟನ್–ಇಂಗ್ಲಿಷ್ ನಿಘಂಟಿಗೆ ಕೈಹಾಕಿದ್ದು ಆ ಊರಿನಲ್ಲಿ.

ಬೇಸಿಗೆಯಲ್ಲಿ ಜನರನ್ನು ಹೊರಗಿಟ್ಟ ಅದೇ ಕಮರಿ ಚಳಿಗಾಲದಲ್ಲಿ ದಾರಿಯಾಗುತ್ತದೆ. ಘಟ್ಟಗಳು ಹಿಮದಲ್ಲಿ ಮುಚ್ಚಿದಾಗ ನದಿಯ ಮೇಲೆ ಚಾದರ್, ಅಂದರೆ ಹೆಪ್ಪುಗಟ್ಟಿದ ನೀರಿನ ಹೊದಿಕೆ, ಹಾಸುತ್ತದೆ. ಗೋಡೆಗಳು ಎತ್ತರವಾದ್ದರಿಂದ ತಳಕ್ಕೆ ಬಿಸಿಲು ಇಳಿಯುವುದು ಕಡಿಮೆ. ಹಿಮ ಕರಗದ್ದರಿಂದ ನದಿಯೂ ಸೊರಗಿರುತ್ತದೆ. ಓಡುವ ನೀರು ಸೊನ್ನೆ ಡಿಗ್ರಿಗಿಂತ ಕೂದಲೆಳೆಯಷ್ಟು ಕೆಳಗಿಳಿದಾಗ ಅದರೊಳಗೆ ಸಣ್ಣ ಮಂಜಿನ ಹರಳುಗಳು ಹುಟ್ಟಿ, ತೇಲಿ, ದಂಡೆಗೆ ಅಂಟಿ, ಒಂದಕ್ಕೊಂದು ಬೆಸೆದುಕೊಂಡು ಹಾಸಾಗುತ್ತವೆ. ಆ ಹಾಸಿನ ಮೇಲೆ ಜನ ಬೆಣ್ಣೆ ಹೊತ್ತು ಲೇಹ್‌ಗೆ ಮಾರಲು ಹೋಗುತ್ತಿದ್ದರು, ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದರು.

ಈಗ ಕಮರಿಯ ಗೋಡೆಯನ್ನೇ ಕಡಿದು ರಸ್ತೆ ಬಂದಿದೆ. ಗಡಿ ರಸ್ತೆ ಸಂಸ್ಥೆ 298 ಕಿಲೋಮೀಟರಿನ ನಿಮ್ಮು–ಪದುಮ್–ದಾರ್ಚಾ ಮಾರ್ಗವನ್ನು 2024ರ ಮಾರ್ಚ್‌ನಲ್ಲಿ ಕೂಡಿಸಿತು. ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಸಾಗಿಸಲು ಘಟ್ಟವೂ ಮುಚ್ಚಿ, ಚಾದರ್ ಕೂಡ ಹಾಸದೆ ಕಾದವರಿಗೆ ಈ ರಸ್ತೆ ಎಷ್ಟು ದೊಡ್ಡದೆಂದು ಚಾರಣಿಗರಾದ ನಾವು ಹೇಳಬೇಕಿಲ್ಲ. ಆದರೆ ಕಲ್ಲಿನ ಗುಣ ಬದಲಾಗಿಲ್ಲ. ಪದರಗಳು ರಸ್ತೆಯ ಕಡೆಗೆ ವಾಲಿದಲ್ಲಿ ಬುಡ ಕಡಿದರೆ ಮೇಲಿನ ಹಾಸು ಜಾರುತ್ತದೆ. ಬಿರುಕಿನ ನೀರು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ವಸಂತದಲ್ಲಿ ಜಾರುವುದು ಇನ್ನೂ ಹೆಚ್ಚು. ಹಾಗಾಗಿ ವಾಲಿಕೆ ಯಾವ ಕಡೆಗಿದೆ ಎಂದು ಮಾರು ಮಾರಿಗೂ ಅಳೆದ ನಕ್ಷೆ ಈ ರಸ್ತೆಗೆ ಡಾಂಬರಿನಷ್ಟೇ ಅಗತ್ಯ. ಬಂಡೆ ಉರುಳುವ ತಾವು, ಹಿಮ ಜಾರುವ ಕೊರಕಲು ಯಾವುವೆಂದು ಚಾದರ್ ಮೇಲೆ ನಡೆದ, ಘಟ್ಟಗಳಲ್ಲಿ ಹೇಸರಗತ್ತೆ ಹೊಡೆದ ಮುದುಕರಿಗೆ ಬಾಯಿಪಾಠವಾಗಿದೆ. ಅವರಿರುವಾಗಲೇ ಅದನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಬಾಕಿಯಿದೆ.