ಗೇರ್ ಬಾಕ್ಸ್ ಬದಲಾವಣೆ: ಬಿಡಿಭಾಗದ ಬೆಲೆಯೂ ನಿಜವಾದ ವೆಚ್ಚವೂ

ಉದ್ದಿಮೆಯ ಉಪಯೋಗಕ್ಕಿರುವ ಹಳೆಯ ಕಾರಿನ ಗೇರ್ ಬಾಕ್ಸ್ ಕೆಟ್ಟಾಗ, ಅದೇ ಮಾದರಿಯ ಭಾಗ ದೊರೆಯದಿದ್ದರೆ ಅಥವಾ ದುಬಾರಿಯೆನಿಸಿದರೆ, ಬೇರೆ ಮಾದರಿಯ ಗೇರ್ ಬಾಕ್ಸನ್ನು ಗುಜರಿಯಿಂದ ತಂದು ಜೋಡಿಸುವ ಸಲಹೆ ಸಾಮಾನ್ಯವಾಗಿ ಬರುತ್ತದೆ. ಸಲಹೆ ಸದಾ ತಪ್ಪೇನಲ್ಲ. ಆದರೆ ಮಾಲೀಕರು ಹೋಲಿಸುವುದು ಎರಡು ಗೇರ್ ಬಾಕ್ಸ್‌ಗಳ ಬೆಲೆಯನ್ನು. ಹೋಲಿಸಬೇಕಾದದ್ದು ವಾಹನ ಮತ್ತೆ ರಸ್ತೆಗಿಳಿಯುವವರೆಗಿನ ಒಟ್ಟು ವೆಚ್ಚವನ್ನು.

ಮಾರುತಿ 800ರಂತಹ ಮುಂಚಕ್ರ ಚಾಲನೆಯ ಕಾರಿನಲ್ಲಿ ಗೇರ್ ಬಾಕ್ಸ್ ಮತ್ತು ಡಿಫರೆನ್ಶಿಯಲ್ ಒಂದೇ ಕವಚದಲ್ಲಿರುತ್ತವೆ. ಅಂಬಾಸಡರ್, ಪದ್ಮಿನಿಗಳಲ್ಲಿ ಗೇರ್ ಬಾಕ್ಸ್ ಮುಂದೆ, ಡಿಫರೆನ್ಶಿಯಲ್ ಹಿಂದೆ. ಒಂದು ಬಗೆಯದು ಇನ್ನೊಂದಕ್ಕೆ ಸಲ್ಲದು. ಒಂದೇ ಬಗೆಯದಾದರೂ ಬೆಲ್ ಹೌಸಿಂಗ್‌ನ ಬೋಲ್ಟ್ ರಂಧ್ರಗಳು ಎಂಜಿನ್ನಿಗೆ ಹೊಂದಬೇಕು. ಸ್ಟಾರ್ಟರ್ ಮೋಟಾರಿನ ಸ್ಥಾನ ಹೊಂದಬೇಕು. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿಗೂ, ಅದರ ಹೊರ ಅಳತೆ ಎಂಜಿನ್ನಿನ ಫ್ಲೈವೀಲಿಗೂ ಕೂಡಬೇಕು. ಶಾಫ್ಟಿನ ಉದ್ದವೂ ಮುಖ್ಯ: ಅದು ತುಸು ಹೆಚ್ಚಾಗಿದ್ದು ಬೋಲ್ಟ್ ಬಿಗಿದು ಎಳೆದರೆ ಕವಚವೇ ಬಿರಿಯಬಹುದು. ಮೌಂಟಿಂಗ್, ಗೇರ್ ಲಿವರಿನ ಜೋಡಣೆ, ಡ್ರೈವ್ ಶಾಫ್ಟಿನ ಉದ್ದ ಇವೆಲ್ಲ ಅನಂತರದ ಖರ್ಚುಗಳು. ಲೇತ್ ಕೆಲಸ ಮತ್ತು ವೆಲ್ಡಿಂಗಿನ ಕೂಲಿ ಒಮ್ಮೊಮ್ಮೆ ಗುಜರಿಯಲ್ಲಿ ಉಳಿಸಿದ ಹಣವನ್ನು ನುಂಗಿಬಿಡುತ್ತದೆ.

ತಯಾರಕರೇ ಇಂಥ ಬದಲಾವಣೆ ಮಾಡಿದ ರೀತಿ ಗಮನಾರ್ಹ. ಪ್ರೀಮಿಯರ್ ಸಂಸ್ಥೆಯು 1980ರ ದಶಕದಲ್ಲಿ ಫಿಯೆಟ್ 124ರ ಒಡಲಿನಲ್ಲಿ 118ಎನ್ಇ ಕಾರನ್ನು ತಂದಾಗ ನಿಸ್ಸಾನ್ ಎಂಜಿನ್ನಿನೊಡನೆ ನಿಸ್ಸಾನ್ ಗೇರ್ ಬಾಕ್ಸನ್ನೇ ಇರಿಸಿತು. 1990ರ ದಶಕದಲ್ಲಿ ಅಂಬಾಸಡರ್‌ಗೆ ಇಸುಜು ಎಂಜಿನ್ ಬಂದಾಗಲೂ ಐದು ಗೇರಿನ ಪೆಟ್ಟಿಗೆ ಅದರ ಜೊತೆಗೇ ಬಂದಿತು. ದೊಡ್ಡ ಕಾರ್ಖಾನೆಗಳೇ ಜೋಡಿಯನ್ನು ಅಗಲಿಸಲು ಹೋಗಲಿಲ್ಲ.

ಜೋಡಣೆ ಕೂಡಿಬಂದರೂ ಅನುಪಾತದ ಪ್ರಶ್ನೆ ಉಳಿಯುತ್ತದೆ. ಉದಾಹರಣೆಗೆ, ಅಂತಿಮ ಅನುಪಾತ 4.35 ಇದ್ದದ್ದು 3.90 ಆದರೆ, ಉಳಿದುದೆಲ್ಲ ಒಂದೇ ಆಗಿದ್ದಲ್ಲಿ, ಅದೇ ವೇಗಕ್ಕೆ ಎಂಜಿನ್ ಶೇಕಡಾ 10ರಷ್ಟು ನಿಧಾನವಾಗಿ ತಿರುಗುತ್ತದೆ. ಹೆದ್ದಾರಿಯಲ್ಲಿ ಇದು ಹಿತ. ಸರಕು ತುಂಬಿ ಘಟ್ಟ ಹತ್ತುವಾಗ ಶಕ್ತಿ ಸಾಲದು. ಕೇಬಲ್ ಸ್ಪೀಡೋಮೀಟರನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರ ಗೇರ್ ಬಾಕ್ಸಿನಲ್ಲೇ ಇರುವುದರಿಂದ, ಅದು ಹೊಂದದಿದ್ದರೆ ಓಡಿದ ಕಿಲೋಮೀಟರುಗಳ ಲೆಕ್ಕವೂ ತಪ್ಪುತ್ತದೆ. ಲಾಗ್ ಪುಸ್ತಕ, ಪ್ರತಿ ಕಿಲೋಮೀಟರಿನ ವೆಚ್ಚ, ಆಯಿಲ್ ಬದಲಾವಣೆಯ ಅವಧಿ ಎಲ್ಲವೂ ಅದನ್ನೇ ಅವಲಂಬಿಸಿವೆ.

ಲೆಕ್ಕಪತ್ರದಲ್ಲಿ, ಕೆಟ್ಟದ್ದರ ಬದಲಿಗೆ ಹಾಕಿದ ಗೇರ್ ಬಾಕ್ಸ್ ಸಾಮಾನ್ಯವಾಗಿ ದುರಸ್ತಿ ವೆಚ್ಚವೇ, ಏಕೆಂದರೆ ಆಸ್ತಿಯೆನಿಸುವುದು ಕಾರೇ ಹೊರತು ಅದರ ಭಾಗವಲ್ಲ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿತು. ಸುಸ್ಥಿತಿಯಲ್ಲಿದ್ದ ಎಂಜಿನ್ ಮತ್ತು ಗೇರ್ ಬಾಕ್ಸ್ ಎರಡನ್ನೂ ಮೇಲ್ದರ್ಜೆಗೇರಿಸಿದರೆ ಬಂಡವಾಳ ವೆಚ್ಚವೆಂಬ ಆಕ್ಷೇಪಣೆ ಬರಬಹುದು. ಗುಜರಿಯವರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಬಿಲ್ಲಿಲ್ಲದ ಖರೀದಿಯನ್ನು ಸಮರ್ಥಿಸುವುದೂ ಕಷ್ಟ.

ನೋಂದಣಿ ಪತ್ರದಲ್ಲಿ ದಾಖಲಾಗುವುದು ಎಂಜಿನ್ ಮತ್ತು ಚಾಸಿ ಸಂಖ್ಯೆಗಳು. ಆದುದರಿಂದ ಗೇರ್ ಬಾಕ್ಸಿನೊಡನೆ ಎಂಜಿನ್ನನ್ನೂ ಬದಲಿಸುವವರು ಮೊದಲೇ ಸಾರಿಗೆ ಕಚೇರಿಯನ್ನು ವಿಚಾರಿಸುವುದು ಅಗತ್ಯ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ, ಪ್ರತಿ ಮಾರ್ಪಾಡಿಗೂ ₹5,000 ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಇವೆ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ ಪ್ರತಿಯನ್ನು ವಾಹನದ ಕಡತದಲ್ಲಿಡಬೇಕು. ಕಳಚಿದ ಹಳೆಯ ಗೇರ್ ಬಾಕ್ಸನ್ನು ಮೆಕ್ಯಾನಿಕ್‌ಗೆ ಬಿಟ್ಟುಕೊಟ್ಟಿದ್ದರೆ, ಅದರ ಬೆಲೆಯನ್ನು ಕೂಲಿಯಲ್ಲಿ ಕಳೆದುಕೊಂಡಿದ್ದಾರೆಯೇ ಎಂಬುದು ಬಿಲ್ಲಿನಲ್ಲಿಯೇ ಕಾಣಬೇಕು.